ಮನೆಯವರಲ್ಲದವರ ಶಿಫಾರಸು

ಈ ಕತೆ ಹೇಳುವ ಅರ್ಹತೆ ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಓದುವವರು ಕ್ಷಮಿಸಬೇಕು. ಇದು ವಿಜ್ಞಾನಕ್ಕೆ ಸಂಬಂಧಪಟ್ಟ ಸಂಗತಿ. ನನ್ನ ವಿಜ್ಞಾನವೋ, ಒಣಗಿದ ಟೈಪ್‌ರೈಟರ್ ರಿಬ್ಬನ್ನಿಗೆ ಒಂದು ತೊಟ್ಟು ಎಣ್ಣೆ ಹಾಕಿದರೆ ಇನ್ನಷ್ಟು ದಿನ ಬರುತ್ತದೆ ಎನ್ನುವಲ್ಲಿಗೆ ಮುಗಿಯುತ್ತದೆ. ಹಗಲು ಬಂದರಿನಲ್ಲಿ ದುಡಿದು, ಸಂಜೆ ಹಂಪನಕಟ್ಟೆಯ ಒಂದು ಮಾಳಿಗೆಯಲ್ಲಿ ಗ್ಯಾಸ್‌ಲೈಟಿನ ಕೆಳಗೆ ಇಂಗ್ಲಿಷೂ ಟೈಪಿಂಗೂ ಕಲಿತವನು ನಾನು. ಕಲಿಸಿದ್ದರಲ್ಲಿ ಅರ್ಧ ತೂಕಡಿಕೆಯಲ್ಲಿ ಹೋಯಿತು. ಆದರೂ ಬರೆಯಲು ಕುಳಿತದ್ದು ಏಕೆಂದರೆ, ಬಂದರಿನವರು ಈ ಕತೆಯನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಎರಡರಲ್ಲೂ ನಡೆಯದ್ದು ಸೇರಿಕೊಂಡಿದೆ. ನಡೆದದ್ದೆಲ್ಲ ನನಗೆ ಗೊತ್ತಿದೆ ಎಂದಲ್ಲ. ಕಾಗದಗಳನ್ನು ಟೈಪ್ ಮಾಡಿದವನು ನಾನು, ಅಷ್ಟೆ.

ನಾನು ಕೆಲಸಕ್ಕಿದ್ದದ್ದು ಐತಪ್ಪ ಧಣಿಗಳ ಗೋದಾಮಿನಲ್ಲಿ. ಎದುರು ನದಿ, ಹಿಂದೆ ಅವರ ಮನೆ. ಅಕ್ಕಿ ಬರುತ್ತಿತ್ತು, ಹಂಚು ಹೋಗುತ್ತಿತ್ತು. ಮಂಜಿಗಳು, ಎಂದರೆ ಹಾಯಿ ಕಟ್ಟಿದ ಸರಕಿನ ದೋಣಿಗಳು, ದಕ್ಕೆಗೆ ತಾಗಿ ನಿಲ್ಲುತ್ತಿದ್ದವು. ಧಣಿಗಳದ್ದು ಅಳಿಯಸಂತಾನದ ಮನೆ. ಅಲ್ಲಿ ಹೆಸರು, ಆಸ್ತಿ, ಯಜಮಾನಿಕೆ ಎಲ್ಲ ತಾಯಿಯ ಕಡೆಯಿಂದ ಇಳಿಯುವುದು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವರ ಮೇಲೆ ಅಧಿಕಾರ ಸೋದರಮಾವನದ್ದು. ಅಪ್ಪ ಬೇರೆ ಮನೆಯವನು. ಅವನು ತನ್ನ ಮನೆಯಲ್ಲಿ ತನ್ನ ಅಕ್ಕತಂಗಿಯರ ಮಕ್ಕಳಿಗೆ ಮಾವನಾಗಿ ಅಧಿಕಾರ ನಡೆಸಬೇಕು. ನಮ್ಮ ಕ್ರಿಸ್ತಾನರಲ್ಲಿ ಹೀಗಿಲ್ಲವಾದ್ದರಿಂದ ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಈಗಲೂ ಪೂರ್ತಿ ಅರ್ಥವಾಗಿದೆಯೆಂದು ಆಣೆ ಇಡಲಾರೆ.

ಆ ಮನೆಯಲ್ಲಿ ಧಣಿಗಳ ತಂಗಿ ದೇಯಿಯಮ್ಮ ಇದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವರು ಯಾವ ಕೋಣೆಯಲ್ಲಿದ್ದಾರೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಅವರ ಒಬ್ಬಳೇ ಮಗಳು ಹೇಮಾಕ್ಷಿ. ದೇಯಿಯಮ್ಮನ ಗಂಡ ದೂಮಪ್ಪ ಮಾಸ್ತರ್ ವಾಮಂಜೂರಿನ ಶಾಲೆಯಲ್ಲಿ ಹೆಡ್‌ಮಾಸ್ತರು. ವಾರವಿಡೀ ಅಲ್ಲಿ ತಮ್ಮ ತಾಯಿಯ ಮನೆಯಲ್ಲಿರುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೊಡೆಯನ್ನೂ ಒಂದು ಚೀಲ ಹರಿವೆ ಸೊಪ್ಪನ್ನೂ ಹಿಡಿದು ಬಂದರೆ, ಸೋಮವಾರ ಬೆಳಿಗ್ಗೆ ಕೊಡೆಯೊಂದಿಗೆ ಹಿಂದಿರುಗುವರು. ಮದುವೆಯಾದಾಗಿನಿಂದ ಹೀಗೆಯೇ. ಧಣಿಗಳು ಅವರನ್ನು ಗೌರವದಿಂದ ಕಾಣುತ್ತಿದ್ದರು, ಆದರೆ ನೆಂಟರನ್ನು ಕಂಡಂತೆ. ಕುಡಿಯಲು ಬೆಲ್ಲ ನೀರು ಮೊದಲು, ಮಾತು ಆಮೇಲೆ.

ಹೇಮಾಕ್ಷಿ ಮದರಾಸಿಗೆ ಹೋಗಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಬಂದಿದ್ದಳು. ಬಂದವಳು ಸುಮ್ಮನಿರಲಿಲ್ಲ. ಹಿತ್ತಿಲಿನ ಸೂರಿನಡಿ ಮಣ್ಣಿನ ಮಡಕೆಗಳನ್ನು ಸಾಲಾಗಿಟ್ಟು, ಒಂದರಲ್ಲಿ ಸಮುದ್ರದ ನೀರು, ಕೊನೆಯದರಲ್ಲಿ ಬಾವಿ ನೀರು, ನಡುವಿನವುಗಳಲ್ಲಿ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಎಲ್ಲದರಲ್ಲೂ ಮರುವಾಯಿ ಬಿಟ್ಟಳು. ಮರುವಾಯಿ ಎಂದರೆ ನಮ್ಮ ನದಿಯ ಬಾಯಲ್ಲಿ ಸಿಗುವ ಚಿಪ್ಪು; ತೆಂಗಿನಕಾಯಿ ಹಾಕಿ ಪದಾರ್ಥ ಮಾಡಿದರೆ ಬಲು ರುಚಿ. ಬೇಸಿಗೆಯಲ್ಲಿ ನದಿಯ ಬಾಯಿ ಉಪ್ಪು, ಮಳೆಗಾಲದಲ್ಲಿ ಸಿಹಿ. ಸಿಹಿನೀರು ಬಂದೊಡನೆ ಈ ಪ್ರಾಣಿ ಚಿಪ್ಪು ಮುಚ್ಚಿಕೊಳ್ಳುತ್ತದಂತೆ. ಎಷ್ಟು ಕಾಲ ಹಾಗೆ ಮುಚ್ಚಿಕೊಂಡೇ ಬದುಕಬಲ್ಲದು, ಎಷ್ಟು ಉಪ್ಪು ಸಿಕ್ಕಿದರೆ ಮತ್ತೆ ತೆರೆಯುತ್ತದೆ ಎಂಬುದು ಅವಳ ಪ್ರಶ್ನೆ. ಯಾವ ಮಡಕೆಯದು ಯಾವುದೆಂದು ತಿಳಿಯಲು ಚಿಪ್ಪುಗಳಿಗೆ ಬೇರೆ ಬೇರೆ ಬಣ್ಣದ ಬೊಟ್ಟು ಇಟ್ಟಿದ್ದಳು. ಒಂದು ದಿನ ಅವಳು ದಕ್ಕೆಗೆ ಹೋದಾಗ ದೇಯಿಯಮ್ಮ, ಮಗಳು ಇಷ್ಟು ಒಳ್ಳೆಯ ಮರುವಾಯಿ ತಂದು ಕೊಳೆಯಲು ಬಿಟ್ಟಿದ್ದಾಳಲ್ಲ ಎಂದು ಎಲ್ಲವನ್ನೂ ಬೇಯಿಸಿಬಿಟ್ಟರು. ಬೊಟ್ಟುಗಳನ್ನು ಕಂಡು, ಹರಕೆಗೇನಾದರೂ ಇಟ್ಟದ್ದಿರಬಹುದೇ ಎಂದು ಒಂದು ಕ್ಷಣ ಅನುಮಾನವಾಯಿತಂತೆ, ಅಷ್ಟೆ.

ಆ ವರ್ಷ ಮದರಾಸಿನ ಒಂದು ಸಂಸ್ಥೆ ಸಂಶೋಧನೆ ಮಾಡುವವರಿಗೆ ಎರಡು ವರ್ಷದ ವೇತನ ಕೊಡುವುದಾಗಿ ಪ್ರಕಟಿಸಿತು. ಹೇಮಾಕ್ಷಿ ಅರ್ಜಿ ಹಾಕಬೇಕೆಂದಳು. ಧಣಿಗಳು ಬೇಡವೆನ್ನಲಿಲ್ಲ. ಅರ್ಜಿ ಹಾಕುವುದಕ್ಕೆ ಎಂತ, ಹಾಕಲಿ ಎಂದರು. ಆದರೆ ಒಂದು ಮಾತು. ಸಿಕ್ಕಿದರೆ ಹೋಗಬಹುದು; ಸಿಗದಿದ್ದರೆ ಇನ್ನು ಓದಿನ ಸುದ್ದಿ ಎತ್ತಬಾರದು. ಬರುವ ಹಂಗಾಮಿಗೆ ಮದುವೆ ಮಾಡಿಕೊಂಡು ಇದೇ ಮನೆಯಲ್ಲಿದ್ದು, ತಾಯಿಯ ಕೈಯಿಂದ ಬೀಗದ ಕೈ ತೆಗೆದುಕೊಳ್ಳಬೇಕು. ಮನೆ ನಡೆಯುವುದು ಹೆಣ್ಣಿನಿಂದ, ಈ ಮನೆಗೆ ಇರುವ ಹೆಣ್ಣು ಅವಳೊಬ್ಬಳೇ ಎಂದು ನೆನಪಿಸಿದರು. ಹೇಮಾಕ್ಷಿ ಒಪ್ಪಿದಳು. ಒಪ್ಪದೆ ಬೇರೆ ದಾರಿಯಿರಲಿಲ್ಲ: ಹೆಣ್ಣುಮಕ್ಕಳ ಅರ್ಜಿಗೆ ಪೋಷಕರ ಒಪ್ಪಿಗೆಯ ಸಹಿ ಬೇಕಿತ್ತು, ಆ ಸಹಿ ಮಾವನದ್ದು.

ಅರ್ಜಿಯ ಜೊತೆ ಎರಡು ಶಿಫಾರಸು ಪತ್ರ ಕೇಳಿದ್ದರು. ಒಂದನ್ನು ಮದರಾಸಿನ ಅವಳ ಪ್ರೊಫೆಸರರು ಕೊಟ್ಟರು. ಇನ್ನೊಂದನ್ನು ಅವಳನ್ನು ಹಲವು ವರ್ಷಗಳಿಂದ ಬಲ್ಲ, ಊರಿನಲ್ಲಿ ಸ್ಥಾನಮಾನವುಳ್ಳ, ಅವಳ ಕುಟುಂಬಕ್ಕೆ ಸೇರದವರು ಯಾರಾದರೂ ಕೊಡಬೇಕಿತ್ತು.

ಇದು ಸುಲಭದ ಕೆಲಸವೆಂದು ನಾನು ತಿಳಿದಿದ್ದೆ. ಆದರೆ ಯಾರನ್ನು ಕೇಳಿದರೂ ಮೊದಲು ಧಣಿಗಳ ಹತ್ತಿರ ಹೋಗಿ, ಕೊಡಲೋ ಎಂದು ವಿಚಾರಿಸುತ್ತಿದ್ದರು. ಕೊಡುವುದು ಬಿಡುವುದು ನಿಮ್ಮಿಷ್ಟ ಎಂದು ಧಣಿಗಳು ಹೇಳುತ್ತಿದ್ದರು. ಮಾತಿನಲ್ಲಿ ಏನೂ ತಪ್ಪಿಲ್ಲ. ಹೇಳುವ ಧಾಟಿ ಹೇಗಿತ್ತೆಂದರೆ ಕೇಳಿದವರಿಗೆ ಮರುದಿನವೇ ಕೈ ಉಳುಕುತ್ತಿತ್ತು, ಕನ್ನಡಕ ಒಡೆಯುತ್ತಿತ್ತು. ಪಕ್ಕದ ಗೋದಾಮಿನ ಅಲಿಯಬ್ಬ ಸಾಹೇಬರು ಮಾತ್ರ ಸತ್ಯ ಹೇಳಿದರು. ಮರುವಾಯಿಗೆ ಸಿಹಿನೀರು ಹೇಗೋ ನಮಗೆ ನಿನ್ನ ಧಣಿ ಹಾಗೆ, ಬಾಯಿ ಮುಚ್ಚಿಕೊಂಡರೆ ಬದುಕಿದೆವು, ಎಂದರು. ಫಳ್ನೀರಿನ ಒಬ್ಬ ಡಾಕ್ಟರು ಬರೆದುಕೊಟ್ಟದ್ದೇನೋ ನಿಜ. ಓದಿ ನೋಡಿದರೆ, ಈಕೆಗೆ ಸಿಡುಬಿನ ಚುಚ್ಚುಮದ್ದು ಆಗಿದೆ, ಹಲ್ಲುಗಳು ಗಟ್ಟಿಯಾಗಿವೆ, ಇತ್ಯಾದಿ. ಎಮ್ಮೆ ಕೊಳ್ಳುವವರಿಗೆ ಉಪಯೋಗವಾಗಬಹುದಾದ ಪತ್ರ.

ಶನಿವಾರ ಬಂತು. ದೂಮಪ್ಪ ಮಾಸ್ತರ್ ಚಾವಡಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುತ್ತಿದ್ದರು. ಹೇಮಾಕ್ಷಿ ತನ್ನ ಕಷ್ಟ ಹೇಳಿಕೊಂಡಳು. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ತಾನೇ ಕೊಡಬಹುದಲ್ಲ ಎಂದರು.

ಅಪ್ಪ ಮಗಳಿಗೆ ಶಿಫಾರಸು ಕೊಡುವುದೆಂದರೇನು? ಸಂಜೆ ಕ್ಲಾಸಿನ ಮಾಸ್ತರು ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಹೇಳಿಕೊಟ್ಟಿದ್ದರು, ಅದು ತೂಕಡಿಕೆಯ ಅರ್ಧದಲ್ಲಿ ಸೇರಿಹೋಗಿತ್ತು. ಹೆದರುತ್ತಲೇ ಕೇಳಿದೆ, ಮಾಸ್ತರರು ಹೇಮಕ್ಕನ ತಂದೆಯಲ್ಲವೇ ಎಂದು. ಎಲ್ಲರೂ ನಕ್ಕರು. ದೇಯಿಯಮ್ಮ ಬಾಗಿಲಿನ ಆಚೆಯಿಂದ ಕೀಲಿ ಕೈಗಳ ಸಮೇತ ನಕ್ಕರು. ತಂದೆ ಹೌದು, ಕುಟುಂಬದವರು ಹೇಗಾಗುತ್ತಾರೆ ಎಂದು ಹೇಮಾಕ್ಷಿಯೇ ನನಗೆ ತಿಳಿಸಿ ಹೇಳಿದಳು. ಅವರ ಮನೆ ಬೇರೆ, ತಾಯಿಯ ಕಡೆಯಿಂದ ಬರುವ ಗೋತ್ರವಾದ ಬಳಿ ಬೇರೆ, ಮನೆದೈವ ಬೇರೆ. ಅವಳಿಗೆ ಸಿಗುವುದರಲ್ಲಿ ಅವರಿಗೆ ಪಾಲಿಲ್ಲ, ಅವರದರಲ್ಲಿ ಅವಳಿಗಿಲ್ಲ. ಕೋರ್ಟಿಗೆ ಹೋದರೂ ಇದೇ ತೀರ್ಪು.

ನನ್ನ ಸಂಶಯ ಹೋಗಲಿಲ್ಲ. ಧಣಿಗಳನ್ನು ಕೇಳಿದೆ. ಅವರಿಗೆ ಈ ಶಿಫಾರಸು ಇಷ್ಟವಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ದೂಮಪ್ಪ ಮಾಸ್ತರ್ ಈ ಮನೆಯವರಲ್ಲ ಎಂಬುದನ್ನು ಇಷ್ಟು ವರ್ಷವೂ ಹೇಳುತ್ತ ಬಂದವರು ಅವರೇ. ಈಗ ಬದಲಾಯಿಸುವುದು ಹೇಗೆ?

"ಅವರು ನಮ್ಮ ಕುಟುಂಬದವರಲ್ಲ," ಎಂದರು ಧಣಿಗಳು, ಮಾತನ್ನು ಬಲವಂತದಿಂದ ಹೊರಗೆ ತೆಗೆದವರಂತೆ. "ಅದರಲ್ಲಿ ಸಂಶಯ ಎಂತದು ಪೊರ್ಬು? ಕಲಿತವನಿಗೆ ಅಷ್ಟು ಗೊತ್ತಿಲ್ಲವಾ?"

ಪೊರ್ಬು ಎಂದರೆ ತುಳುವರು ನಮ್ಮಂಥ ಕ್ರಿಸ್ತಾನರನ್ನು ಕರೆಯುವ ಹೆಸರು. ಕಲಿತವನೆಂದು ಅವರು ಕರೆದದ್ದರಿಂದ ನನ್ನ ಬಾಯಿ ಕಟ್ಟಿಹೋಯಿತು.

ಮಾಸ್ತರ್ ಕನ್ನಡದಲ್ಲಿ ಬರೆದರು, ನಾನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದೆ. ಅದರ ಸಾರ ಇಷ್ಟು: "ಕುಮಾರಿ ಹೇಮಾಕ್ಷಿಯನ್ನು ಚಿಕ್ಕಂದಿನಿಂದ ಬಲ್ಲೆ. ಬೆಳಿಗ್ಗೆ ಏಳುವುದು ತಡ. ಊಟಕ್ಕೆ ಮೂರನೆಯ ಕರೆಗೆ ಬರುತ್ತಾಳೆ. ಲೆಕ್ಕದಲ್ಲಿ ತಪ್ಪುತ್ತಾಳೆ, ಆದರೆ ತಪ್ಪನ್ನು ತಾನೇ ಹುಡುಕಿ ತೆಗೆಯುತ್ತಾಳೆ. ಒಮ್ಮೆ ಆಕೆಯ ಪ್ರಯೋಗದ ಮರುವಾಯಿಗಳನ್ನು ಮನೆಯಲ್ಲಿ ತಿಳಿಯದೆ ಅಡುಗೆ ಮಾಡಿಬಿಟ್ಟರು. ಅವಳು ಅಳಲಿಲ್ಲ. ಊಟಕ್ಕೆ ಕುಳಿತು, ಚಿಪ್ಪುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ಒಂದೊಂದು ಮಡಕೆಯದ್ದನ್ನೂ ತಿಂದು ನೋಡಿ, ಉಪ್ಪು ಕಡಿಮೆಯಿದ್ದ ನೀರಿನವು ಸಪ್ಪೆ ಎಂದು ಗುರುತು ಹಾಕಿಕೊಂಡಳು. ಬಾವಿ ನೀರಿನ ಮಡಕೆಯದ್ದನ್ನು ಮಾತ್ರ ಯಾರಿಗೂ ತಿನ್ನಲು ಬಿಡಲಿಲ್ಲ, ಏಕೆಂದರೆ ಅವುಗಳಲ್ಲಿ ಕೆಲವು ಬೇಯುವ ಮೊದಲೇ ಸತ್ತಿದ್ದವೆಂದು ಅವಳಿಗೆ ಅನುಮಾನವಿತ್ತು."

ಬೆಳಿಗ್ಗೆ ಏಳುವ ವಿಷಯವನ್ನಾದರೂ ಬಿಡಬಹುದಲ್ಲ ಎಂದು ನಾನು ಬೇಡಿಕೊಂಡೆ. ಅವರು ಕೇಳಲಿಲ್ಲ.

"ಹೊರಗಿನವನಾಗಿ ಬರೆಯುವುದು, ವಾಲ್ಟರ್," ಎಂದರು ಮೆಲ್ಲಗೆ. "ಹೊರಗಿನವನ ಹಾಗೆಯೇ ಬರೀಬೇಕು. ಇಲ್ಲದಿದ್ದರೆ ಮೋಸ ಆಗ್ತದೆ."

ಅಂಚೆಗೆ ಹಾಕಿದೆ. ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ. ಹೆಂಡತಿ ಕಾರ್ಮಿನ್ ಕೇಳಿದಳು, ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿ, "ಅಪ್ಪ ಮನೆಯವನಲ್ಲದಿದ್ದರೆ ಮತ್ತೆ ಯಾರು, ಪೋಸ್ಟ್‌ಮ್ಯಾನಾ?" ಎಂದಳು. ನಾನು ಅಳಿಯಸಂತಾನ ವಿವರಿಸಿದೆ. ಮದರಾಸಿನವರಿಗೆ ಇದನ್ನು ವಿವರಿಸಲು ನೀವು ಲಕೋಟೆಯ ಒಳಗೆ ಕುಳಿತು ಹೋಗಿದ್ದೀರಾ ಎಂದು ಕೇಳಿ ಮತ್ತೆ ಕೊಯ್ಯತೊಡಗಿದಳು.

ಮರುದಿನ ಆ ಮಾತನ್ನು ಹಾಗೆಯೇ ಹೇಮಾಕ್ಷಿಗೆ ಒಪ್ಪಿಸಿದೆ. ಅವಳು ಮೊದಲು ನಕ್ಕಳು. ನಗುತ್ತಲೇ, ಮದರಾಸಿನ ಹಾಸ್ಟೆಲಿನಲ್ಲಿ ಓದು ಮುಗಿಯುವ ತನಕ ವಾರ್ಡನ್ ಅಮ್ಮ ತನ್ನನ್ನು ತಂದೆಯಿಲ್ಲದ ಮಗುವೆಂದೇ ತಿಳಿದಿದ್ದರು ಎಂದಳು. ಮನೆಯಿಂದ ಬರುವ ಕಾಗದಗಳಲ್ಲೆಲ್ಲ ಮಾವನ ಸಹಿ. ಪಾಪವೆಂದು ಅವಳ ತಟ್ಟೆಗೆ ಎರಡು ಬಿಸ್ಕೆಟ್ ಹೆಚ್ಚು ಹಾಕುತ್ತಿದ್ದರಂತೆ. ಬಿಸ್ಕೆಟ್ ಒಳ್ಳೆಯದಿತ್ತು, ಅದಕ್ಕೆ ತಿದ್ದಲಿಲ್ಲ ಎಂದಳು. ಅಷ್ಟು ಹೇಳಿದವಳು ನಗು ನಿಲ್ಲಿಸಿದಳು. ಮದರಾಸಿನವರು ಕುಟುಂಬವೆಂದರೆ ಏನೆಂದು ತಿಳಿಯುತ್ತಾರೆ ಎಂಬುದಕ್ಕೆ ಆ ಬಿಸ್ಕೆಟ್ಟುಗಳೇ ಸಾಕ್ಷಿಯಾಗಿದ್ದವು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪನ ಮನೆಯ ಹೆಸರು ಬೇರೆ, ಅವಳದ್ದು ಬೇರೆ. ನಾನು ಅದನ್ನು ಹೇಳಿಯೂ ಹೇಳಿದೆ. ಅವಳು ತಲೆಯಲ್ಲಾಡಿಸಿದಳು. ಮದರಾಸಿಗೆ ಇನ್ನೊಂದು ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುವುದೆಂದು ತೀರ್ಮಾನವಾಯಿತು: ಶಿಫಾರಸು ಕೊಟ್ಟವರು ನನ್ನ ತಂದೆ, ನಮ್ಮ ಕಟ್ಟುಕಟ್ಟಳೆಯ ಪ್ರಕಾರ ಅವರು ನನ್ನ ಕುಟುಂಬದವರಲ್ಲ, ಇದಕ್ಕೆ ಯಜಮಾನರ ಹೇಳಿಕೆ ಲಗತ್ತಿಸಿದೆ. ಯಜಮಾನರ ಹೇಳಿಕೆಯನ್ನು ನಾನೇ ತಯಾರಿಸಿದೆ. ಬಲವಾಗಿರಲೆಂದು ವಕೀಲರ ಕಾಗದಗಳಲ್ಲಿ ಕಂಡಂತೆ ಕೊನೆಗೆ ಒಂದು ವಾಕ್ಯ ಹೆಚ್ಚು ಸೇರಿಸಿದೆ.

ಮುಂದಿನ ಶನಿವಾರ ಧಣಿಗಳು ಚಾವಡಿಯಲ್ಲಿ ಪೆನ್ನು ಹಿಡಿದು ಕುಳಿತರು. ಎದುರು ದೂಮಪ್ಪ ಮಾಸ್ತರ್, ಅವರ ಕಾಲ ಬುಡದಲ್ಲಿ ಮನೆಯ ನಾಯಿ. ಓದಿ ಹೇಳು ಎಂದರು ಧಣಿಗಳು. ಶ್ರೀ ದೂಮಪ್ಪನವರು ನಮ್ಮ ಕುಟುಂಬಕ್ಕೆ ಸೇರಿದವರಲ್ಲವೆಂದು ಯಜಮಾನನಾದ ನಾನು ದೃಢೀಕರಿಸುತ್ತೇನೆ, ಎಂದು ಓದಿದೆ. ಅವರು ಹೂಂ ಎಂದರು. ಅವರಿಗೂ ನಮ್ಮ ಮನೆಗೂ ಯಾವ ಸಂಬಂಧವೂ ಇರುವುದಿಲ್ಲ, ಎಂದು ಓದಿದೆ. ಹೂಂ ಬರಲಿಲ್ಲ.

"ಇನ್ನೊಮ್ಮೆ ಓದು."

ಓದಿದೆ.

"ಅದನ್ನು ಯಾರು ಬರೆದದ್ದು?"

"ನಾನೇ, ಧಣಿ. ತಾವು ಅವತ್ತು ಹೇಳಿದ್ದನ್ನೇ."

"ನಾನು ಹೇಳಿದ್ದು ಬಾಯಲ್ಲಿ. ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಗದಕ್ಕೆ ಹಾಕ್ತಾರಾ ಮಾರಾಯ?"

"ಹಾಕಿ ಭಾವ," ಎಂದರು ಮಾಸ್ತರ್, ಲೋಟ ಕೆಳಗಿಟ್ಟು. "ಕಟ್ಟಿನ ಪ್ರಕಾರ ಸರಿಯಾಗಿಯೇ ಉಂಟಲ್ಲ."

"ನೀವು ಸುಮ್ಮನಿರಿ ಭಾವ. ಈ ನಾಯಿ ನಿಮ್ಮನ್ನು ಕಂಡರೆ ಬೊಗಳ್ತದಾ?"

ಮಾಸ್ತರ್ ಪ್ರಶ್ನೆಯನ್ನು ಶಾಲೆಯ ಪ್ರಶ್ನೆಯಂತೆಯೇ ತೆಗೆದುಕೊಂಡರು. "ಇಲ್ಲ. ಮೊದಮೊದಲು ಬೊಗಳ್ತಿತ್ತು. ಅದು ಇದರ ಅಜ್ಜಿ."

"ನನ್ನನ್ನು ಕಂಡರೆ ಈಗಲೂ ಬೊಗಳ್ತದೆ," ಎಂದು ಧಣಿಗಳು ಪೆನ್ನಿನ ಮುಚ್ಚಳ ಹಾಕಿದರು. "ಸಂಬಂಧ ಇಲ್ಲ ಅಂತ ನಾನು ರುಜು ಹಾಕುವುದಿಲ್ಲ. ಮನೆಯವರು ಅಂತ ಬರಿ, ಹಾಕ್ತೇನೆ."

ಆ ಒಂದು ವಾಕ್ಯ ತೆಗೆದರೆ ಸಾಕಲ್ಲ ಎಂದೆ. ಸಾಲದು ಎಂದರು. ಮನೆಯವರೆಂದು ಬರೆದರೆ ಶಿಫಾರಸು ಬಿದ್ದುಹೋಗುತ್ತದೆ ಎಂದೆ. ಧಣಿಗಳು ಸಿಹಿನೀರಿನ ಮರುವಾಯಿಯಂತೆ ಮುಚ್ಚಿಕೊಂಡುಬಿಟ್ಟರು. ಒಳಗೆ ಬೀಗದ ಕೈಗಳ ಸದ್ದು ನಿಂತಿತ್ತು. ಮಾಸ್ತರ್ ಹೆಗಲಿನ ಶಾಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಹೇಮಾಕ್ಷಿ ಮಾವನನ್ನೇ ನೋಡುತ್ತಿದ್ದಳು; ಚಿಪ್ಪು ಯಾವಾಗ ತೆರೆಯುತ್ತದೆ ಎಂದು ಮಡಕೆಯ ಮುಂದೆ ಕುಳಿತು ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಹಾಗೆಯೇ ಬರೀರಿ, ವಾಲ್ಟರಣ್ಣ," ಎಂದಳು. ಮದರಾಸು ಕೈತಪ್ಪಿತೆಂದು ನಾವೆಲ್ಲರೂ ತಿಳಿದೆವು.

ಉತ್ತರ ಬಂತು. ತಂದೆಯ ಪತ್ರವನ್ನು ಶಿಫಾರಸಾಗಿ ಸ್ವೀಕರಿಸಲಾಗದು. ಹೊರಗಿನ ಇನ್ನೊಬ್ಬರದ್ದನ್ನು ಈ ತಿಂಗಳೊಳಗೆ ಕಳಿಸಬೇಕು. ಅದು ಬರದಿದ್ದರೆ ಅರ್ಜಿ ರದ್ದು. ಕೊನೆಯಲ್ಲಿ ಯಾರೋ ಶಾಯಿಯಿಂದ ಕೈಬರಹದಲ್ಲಿ ಸೇರಿಸಿದ್ದರು: ಸಪ್ಪೆ ಎಂದರೆ ಎಷ್ಟು ಸಪ್ಪೆ, ಸಮಿತಿಗೆ ತಿಳಿಯಬೇಕಾಗಿದೆ.

ಹೊರಗಿನವರು ಎಲ್ಲಿ? ಕೈ ಉಳುಕಿದವರದ್ದು ಇನ್ನೂ ಸರಿಯಾಗಿರಲಿಲ್ಲ. ಅವಳನ್ನು ಹಲವು ವರ್ಷದಿಂದ ಬಲ್ಲ, ಕುಟುಂಬಕ್ಕೆ ಸೇರದ, ಧಣಿಗಳನ್ನು ಕೇಳಿದರೂ ಓಡಿಹೋಗಲಾರದ ಮನುಷ್ಯ ಬಂದರಿನಲ್ಲಿ ಒಬ್ಬನೇ ಇದ್ದ. ಅವನು ನಾನು. ಆದರೆ ಸ್ಥಾನಮಾನ? ಬರೇ ಗುಮಾಸ್ತ. ಈ ಮಾತನ್ನು ಹೇಮಾಕ್ಷಿಗೆ ಹೇಳುತ್ತಿದ್ದಾಗ ಧಣಿಗಳು ಅಕ್ಕಿ ಮೂಟೆಗಳ ಆಚೆ ನಿಂತಿದ್ದರು. ಕೇಳಿಸಿತೋ ಇಲ್ಲವೋ.

ಮರುದಿನ ಬೆಳಿಗ್ಗೆ ಬಂದು ನೋಡುತ್ತೇನೆ, ನನ್ನ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಹಲಗೆ ಹೊಡೆದಿದ್ದಾರೆ. ಹಂಚಿನ ಪೆಟ್ಟಿಗೆಗಳಿಗೆ ಗುರುತು ಬರೆಯುವ ಕಪ್ಪು ಬಣ್ಣದಿಂದ ಮ್ಯಾನೇಜರ್ ಎಂದು ಬರೆದಿದೆ. ಬಣ್ಣ ಇನ್ನೂ ಹಸಿ. ಮೇಜೂ ಕುರ್ಚಿಯೂ ಸಂಬಳವೂ ಹಿಂದಿನವೇ. ಧಣಿಗಳನ್ನು ಕೇಳಲು ಹೋದರೆ, ಮ್ಯಾನೇಜರ್ ಆದವನು ಹೀಗೆ ಓಡಾಡಬಾರದು, ಕೂತುಕೊ ಎಂದರು.

ಜೀವಮಾನದಲ್ಲಿ ಎಷ್ಟೋ ಕಾಗದ ಟೈಪ್ ಮಾಡಿದವನು ನಾನು. ನನ್ನದೇ ಮಾತು ಒಂದರಲ್ಲೂ ಇರಲಿಲ್ಲ. ಎರಡು ಸಲ ಬರೆದು ಹರಿದೆ. ಕೊನೆಗೆ ನಿಂತದ್ದು ಇಷ್ಟು: "ನನಗೆ ವಿಜ್ಞಾನ ತಿಳಿಯದು. ಈಕೆಯನ್ನು ಅನೇಕ ವರ್ಷಗಳಿಂದ ಕಂಡಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾಳೆ, ಮತ್ತು ಅಲ್ಲಿಗೆ ಬಿಡುವುದಿಲ್ಲ." ಕೆಳಗೆ ಸಹಿ, ಅದರ ಕೆಳಗೆ ಮ್ಯಾನೇಜರ್. ಆ ಪದ ಟೈಪ್ ಮಾಡುವಾಗ ಬೆರಳು ಎರಡು ಸಲ ಜಾರಿತು.

ಹೇಮಾಕ್ಷಿಗೆ ವೇತನ ಸಿಕ್ಕಿತು. ಅವಳ ಮಡಕೆಗಳನ್ನು ಹಂಚು ಕಟ್ಟುವ ಹುಲ್ಲಿನಲ್ಲಿ ಸುತ್ತಿ ರೈಲಿಗೆ ಹಾಕಿಸಿದ್ದು ಧಣಿಗಳೇ. ಸ್ಟೇಷನ್ನಿಗೆ ಅವರೂ ದೂಮಪ್ಪ ಮಾಸ್ತರೂ ಒಂದೇ ಜಟಕಾದಲ್ಲಿ ಬಂದರು. ಅಂದು ಶನಿವಾರವಾಗಿರಲಿಲ್ಲ. ಬೀಗದ ಕೈ ದೇಯಿಯಮ್ಮನ ಸೊಂಟದಲ್ಲೇ ಉಳಿಯಿತು. ಮಗಳು ಹೋದ ಮೇಲೆ ಆ ಸದ್ದು ಮನೆಯಲ್ಲಿ ಹೆಚ್ಚಾಗಿ ಕೇಳಿಸುತ್ತಿತ್ತು, ಅಥವಾ ನನಗೆ ಹಾಗನ್ನಿಸಿತು.

ಈಗ ಬಂದರಿನಲ್ಲಿ ಕೆಲವರು ಹೇಳುತ್ತಾರೆ, ಐತಪ್ಪ ಧಣಿಗಳು ಹುಡುಗಿಯ ಅರ್ಜಿಯನ್ನು ಬೀಳಿಸಲೆಂದೇ ಅಂದು ಭಾವನನ್ನು ಮನೆಯವರೆಂದು ಒಪ್ಪಿಕೊಂಡರು, ಆಮೇಲೆ ನಾಚಿಕೆಯಾಗಿ ಹಲಗೆ ಹೊಡೆಸಿದರು ಎಂದು. ಇನ್ನು ಕೆಲವರು, ಅವರು ಮೊದಲಿನಿಂದಲೂ ಅವಳನ್ನು ಕಳಿಸಲೆಂದೇ ಇದ್ದರು ಎನ್ನುತ್ತಾರೆ. ಹಾಗಿದ್ದರೆ ಊರಿನವರ ಕೈ ಏಕೆ ಉಳುಕಿತು? ದೂಮಪ್ಪ ಮಾಸ್ತರ್ ಈ ಚರ್ಚೆಗೆ ಸೇರುವುದಿಲ್ಲ. ಭಾವ ಅಂದು ಪೆನ್ನು ಮುಚ್ಚಿದ್ದು ತನಗೆ ಸಾಕು ಎನ್ನುತ್ತಾರೆ. ಧಣಿಗಳು ಬದುಕಿದ್ದಾಗ ನಾನು ಒಮ್ಮೆ ಧೈರ್ಯ ಮಾಡಿ ಅವರನ್ನೇ ಕೇಳಿದ್ದೆ, ಅಂದು ರುಜು ಹಾಕದೆ ಹೋದದ್ದು ಏಕೆಂದು. ಅವರು ನದಿಯ ಕಡೆ ನೋಡಿ, ಮಂಜಿ ಬಂತಾ ನೋಡು ಎಂದರು. ಹೋಗಿ ನೋಡಿದೆ, ಬಂದಿರಲಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ.